ಕೆಪ್ಲರನ ತಾಯಿಯ ಮೊಕದ್ದಮೆ: ಆದಿ ಆಧುನಿಕ ಯುರೋಪಿನಲ್ಲಿ ಧರ್ಮ, ಅಪರಾಧ ಮತ್ತು ಹೆಣ್ಣು

ಗ್ರಹಗಳು ಸೂರ್ಯನನ್ನು ದೀರ್ಘವೃತ್ತಾಕಾರದ ಪಥದಲ್ಲಿ ಸುತ್ತುತ್ತವೆ ಎಂಬ ನಿಯಮವನ್ನು ಪಿಯುಸಿಯಲ್ಲಿ ಭೌತಶಾಸ್ತ್ರ ಓದಿದವರು ಬಲ್ಲರು. ಆ ನಿಯಮವನ್ನು ಕಂಡುಕೊಂಡ ಜೋಹಾನ್ಸ್ ಕೆಪ್ಲರನ ತಾಯಿ ಕಾತರೀನಾ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಮಾಟಗಾತಿ ಎಂಬ ಆರೋಪ ಹೊತ್ತು ಹದಿನಾಲ್ಕು ತಿಂಗಳು ಸೆರೆಯಲ್ಲಿದ್ದಳು ಎಂಬುದನ್ನು ಮಾತ್ರ ಪಠ್ಯಪುಸ್ತಕಗಳು ಹೇಳುವುದಿಲ್ಲ. ಗ್ರಹಗಳ ಪರಿಭ್ರಮಣದ ಅವಧಿಗೂ ಸೂರ್ಯನಿಂದ ಅವುಗಳಿಗಿರುವ ದೂರಕ್ಕೂ ಇರುವ ಸಂಬಂಧವನ್ನು, ಅಂದರೆ ಮೂರನೆಯ ನಿಯಮವನ್ನು, ಕೆಪ್ಲರ್ ಗುರುತಿಸಿದ್ದು 1618ರಲ್ಲಿ. ಆ ಹೊತ್ತಿಗೆ ತಾಯಿಯ ಮೇಲಿನ ಆರೋಪಕ್ಕೆ ಮೂರು ವರ್ಷ ತುಂಬುತ್ತಿತ್ತು.

ಒಂದೇ ಮನೆಯಲ್ಲಿ ಖಗೋಳ ವಿಜ್ಞಾನವೂ ಮಾಟದ ಮೊಕದ್ದಮೆಯೂ ಒಟ್ಟಿಗೆ ಇದ್ದವು ಎಂಬುದು ಇಂದಿನ ಓದುಗರಿಗೆ ವಿಚಿತ್ರವಾಗಿ ಕಾಣಬಹುದು. ಅಂದಿನವರಿಗೆ ಅದು ವಿಚಿತ್ರವಾಗಿರಲಿಲ್ಲ. ಏಕೆಂದರೆ ಆ ಕಾಲದ ಯುರೋಪಿನಲ್ಲಿ ಧರ್ಮ, ಅಪರಾಧ ಮತ್ತು ಹೆಣ್ಣಿನ ಸ್ಥಾನಮಾನ ಎಂಬ ಮೂರು ಸಂಗತಿಗಳು ಒಂದರೊಳಗೊಂದು ಹೆಣೆದುಕೊಂಡಿದ್ದವು. ಕಳೆದ ಐವತ್ತು ವರ್ಷಗಳಲ್ಲಿ ಇತಿಹಾಸಕಾರರು ಈ ಹೆಣಿಗೆಯನ್ನು ಬಿಡಿಸಲು ಹಳೆಯ ನ್ಯಾಯಾಲಯಗಳ ಕಡತಗಳನ್ನೇ ಮುಖ್ಯ ಆಧಾರವಾಗಿ ಬಳಸುತ್ತಿದ್ದಾರೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಉಲಿಂಕಾ ರುಬ್ಲಾಕ್ ಅವರಲ್ಲೊಬ್ಬರು. ನೈಋತ್ಯ ಜರ್ಮನಿಯಲ್ಲಿ ಹೆಂಗಸರ ಮೇಲೆ ನಡೆದ ಅಪರಾಧ ಮೊಕದ್ದಮೆಗಳನ್ನು ಮೊದಲು ಅಧ್ಯಯನ ಮಾಡಿದ ಅವರು, 2015ರಲ್ಲಿ ಕಾತರೀನಾಳ ಪ್ರಕರಣವನ್ನೇ ಕುರಿತು ಒಂದು ಪುಸ್ತಕ ಪ್ರಕಟಿಸಿದರು. ಈ ಲೇಖನವೂ ಅದೇ ಪ್ರಕರಣವನ್ನು ಹಿಡಿದು ಸಾಗುತ್ತದೆ.

ಕಾಲ ಮತ್ತು ನೆಲ

ಇತಿಹಾಸಕಾರರು ‘ಆದಿ ಆಧುನಿಕ’ ಎಂದು ಕರೆಯುವುದು ಸ್ಥೂಲವಾಗಿ 1450ರಿಂದ 1800ರವರೆಗಿನ ಅವಧಿಯನ್ನು. ಮುದ್ರಣಯಂತ್ರ ಬಂದದ್ದು, ಮಾರ್ಟಿನ್ ಲೂಥರ್ 1517ರಲ್ಲಿ ರೋಮಿನ ಚರ್ಚನ್ನು ಪ್ರಶ್ನಿಸಿದ್ದು, ಕ್ರೈಸ್ತ ಮತವು ಕ್ಯಾಥೊಲಿಕ್ ಮತ್ತು ಪ್ರೊಟೆಸ್ಟೆಂಟ್ ಎಂದು ಒಡೆದದ್ದು, ರಾಜಪ್ರಭುತ್ವಗಳು ಕಚೇರಿ ಕಾಗದಗಳ ಮೂಲಕ ಪ್ರಜೆಗಳ ಬದುಕಿನೊಳಕ್ಕೆ ಇಳಿದದ್ದು ಈ ಅವಧಿಯಲ್ಲೇ.

ಆಗ ಜರ್ಮನಿ ಎಂಬ ಒಂದು ದೇಶವಿರಲಿಲ್ಲ. ಪವಿತ್ರ ರೋಮನ್ ಸಾಮ್ರಾಜ್ಯವೆಂಬ ಸಡಿಲವಾದ ಚೌಕಟ್ಟಿನೊಳಗೆ ನೂರಾರು ಸಂಸ್ಥಾನಗಳೂ ಬಿಷಪ್ಪರ ಆಡಳಿತ ಪ್ರದೇಶಗಳೂ ಸ್ವತಂತ್ರ ನಗರಗಳೂ ಇದ್ದವು. ಇವುಗಳಲ್ಲಿ ಬಹುಪಾಲು ಅಪರಾಧಿಯನ್ನು ವಿಚಾರಿಸಿ ಮರಣದಂಡನೆ ವಿಧಿಸುವ ಅಧಿಕಾರವನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡಿದ್ದವು. 1555ರ ಆಗ್ಸ್‌ಬರ್ಗ್ ಒಪ್ಪಂದದ ಪ್ರಕಾರ ಆಳುವವನ ಮತವೇ ಪ್ರಜೆಗಳ ಮತವೂ ಆಗಿತ್ತು. ಕಾತರೀನಾ ಬಾಳಿದ ಲೆಯೊನ್‌ಬೆರ್ಗ್ ಎಂಬ ಚಿಕ್ಕ ಪಟ್ಟಣವು ವುರ್ಟೆಂಬರ್ಗ್ ಡ್ಯೂಕರ ಸಂಸ್ಥಾನಕ್ಕೆ ಸೇರಿತ್ತು. ಆ ಸಂಸ್ಥಾನ 1534ರಿಂದ ಲೂಥರ್ ಪಂಥವನ್ನು ಅನುಸರಿಸುತ್ತಿತ್ತು.

ಪಾಪವು ಅಪರಾಧವಾದ ಬಗೆ

ಇಂದಿನ ಕಾನೂನಿನಲ್ಲಿ ಪಾಪ ಬೇರೆ, ಅಪರಾಧ ಬೇರೆ. ಸುಳ್ಳು ಹೇಳುವುದು, ದೇವರನ್ನು ನಿಂದಿಸುವುದು, ಮದುವೆಗೆ ಮುನ್ನ ಕೂಡುವುದು ಇವೆಲ್ಲ ಒಬ್ಬರ ದೃಷ್ಟಿಯಲ್ಲಿ ಪಾಪವಾಗಿರಬಹುದು. ಆದರೆ ಅನೇಕ ದೇಶಗಳಲ್ಲಿ ಅದರಿಂದಷ್ಟೇ ಯಾರನ್ನೂ ಸೆರೆಗೆ ಹಾಕಲಾಗದು. ಹದಿನಾರನೆಯ ಶತಮಾನದ ಯುರೋಪಿನಲ್ಲಿ ಈ ಗೆರೆ ಬಹಳ ತೆಳುವಾಗಿತ್ತು. ಒಂದು ಊರಿನಲ್ಲಿ ಪಾಪ ನಡೆದು, ಆಳುವವರು ಅದನ್ನು ಶಿಕ್ಷಿಸದೆ ಬಿಟ್ಟರೆ, ದೇವರ ಕೋಪ ಪಾಪಿಯೊಬ್ಬನ ಮೇಲಷ್ಟೇ ಅಲ್ಲದೆ ಇಡೀ ಊರಿನ ಮೇಲೆ ಎರಗುತ್ತದೆ ಎಂಬ ನಂಬಿಕೆ ಎರಡೂ ಪಂಥಗಳಲ್ಲಿ ಬೇರೂರಿತ್ತು. ಆಲಿಕಲ್ಲು ಮಳೆ, ಪ್ಲೇಗು, ಬರ ಇವೆಲ್ಲ ಆ ಕೋಪದ ಗುರುತುಗಳೆಂದು ಪಾದ್ರಿಗಳು ಬೋಧಿಸುತ್ತಿದ್ದರು.

ಲೂಥರನಿಂದ ಮೊದಲಾದ ಮತಸುಧಾರಣೆ ಈ ನಂಬಿಕೆಗೆ ಆಡಳಿತದ ರೂಪ ಕೊಟ್ಟಿತು. ಮದುವೆ, ವ್ಯಭಿಚಾರ, ವಾಗ್ದಾನಭಂಗದಂಥ ವಿಷಯಗಳು ಅದುವರೆಗೆ ಚರ್ಚಿನ ನ್ಯಾಯಪೀಠಗಳ ಪಾಲಾಗಿದ್ದವು. ಈಗ ಅವು ನಗರಸಭೆಗಳ ಮತ್ತು ರಾಜರ ಕೈಗೆ ಬಂದವು. ಜ್ಯೂರಿಕ್ ನಗರವು 1525ರಲ್ಲಿ ತನ್ನದೇ ಮದುವೆ ನ್ಯಾಯಾಲಯವನ್ನು ಸ್ಥಾಪಿಸಿತು. ಅಲ್ಲಿಯವರೆಗೆ ನಗರಸಭೆಯ ಪರವಾನಗಿಯಲ್ಲೇ ನಡೆಯುತ್ತಿದ್ದ ವೇಶ್ಯಾಗೃಹವನ್ನು ಆಗ್ಸ್‌ಬರ್ಗ್ 1532ರಲ್ಲಿ ಮುಚ್ಚಿತು. ನಿನ್ನೆಯವರೆಗೆ ತೆರಿಗೆ ಕಟ್ಟುತ್ತಿದ್ದ ವೃತ್ತಿಯವಳು ಇಂದು ಅಪರಾಧಿ. ಆಕ್ಸ್‌ಫರ್ಡಿನ ಇತಿಹಾಸಕಾರ್ತಿ ಲಿಂಡಲ್ ರೋಪರ್ ಅವರು ಆಗ್ಸ್‌ಬರ್ಗಿನ ದಾಖಲೆಗಳನ್ನು ಓದಿ ತೋರಿಸಿದ್ದು ಇದನ್ನೇ: ಸುಧಾರಕರು ಮದುವೆಯನ್ನು ಎತ್ತಿಹಿಡಿದಷ್ಟೂ, ಗಂಡನ ಯಜಮಾನಿಕೆಯುಳ್ಳ ಮನೆಯೇ ಊರಿನ ಶಿಸ್ತಿನ ಅಡಿಪಾಯವಾಯಿತು, ಆ ಚೌಕಟ್ಟಿನ ಹೊರಗೆ ಬಾಳುವ ಹೆಂಗಸು ಅನುಮಾನಕ್ಕೆ ಗುರಿಯಾದಳು.

ಇದರ ಜೊತೆಗೆ ಹವಾಮಾನವೂ ಕೆಟ್ಟಿತು. ಸುಮಾರು 1560ರ ನಂತರ ಯುರೋಪಿನಲ್ಲಿ ಚಳಿಗಾಲಗಳು ಉದ್ದವಾಗಿ, ಬೇಸಿಗೆಗಳು ತೋಯ್ದು, ದ್ರಾಕ್ಷಿ ಮತ್ತು ಧಾನ್ಯದ ಬೆಳೆಗಳು ಪದೇ ಪದೇ ಕೈಕೊಟ್ಟವು. ಜರ್ಮನಿಯ ವೀಸೆನ್‌ಸ್ಟೈಗ್ ಎಂಬ ಸಣ್ಣ ಊರಿನಲ್ಲಿ ಭೀಕರ ಆಲಿಕಲ್ಲು ಮಳೆಯಾದ ಮೇಲೆ, 1562–63ರಲ್ಲಿ, 63 ಹೆಂಗಸರನ್ನು ಮಾಟದ ಆರೋಪದಲ್ಲಿ ಕೊಲ್ಲಲಾಯಿತು. ಹಾಗೆಂದು ಧರ್ಮಬೋಧಕರೆಲ್ಲರೂ ಒಂದೇ ಮಾತನ್ನು ಆಡುತ್ತಿದ್ದರೆಂದು ತಿಳಿಯಬಾರದು. ವುರ್ಟೆಂಬರ್ಗಿನ ಪ್ರಮುಖ ಲೂಥರ್ ಪಂಥೀಯ ಪಾದ್ರಿ ಜೋಹಾನ್ಸ್ ಬ್ರೆಂಜ್ 1539ರಲ್ಲೇ, ಆಲಿಕಲ್ಲು ಸುರಿಸುವವನು ದೇವರೇ ಹೊರತು ಮಾಟಗಾತಿಯಲ್ಲ, ಆದ್ದರಿಂದ ಜನ ತಮ್ಮ ಪಾಪಗಳ ಕಡೆ ನೋಡಿಕೊಳ್ಳಲಿ ಎಂದು ಪ್ರವಚನ ಮಾಡಿದ್ದ. ಒಂದೇ ಧರ್ಮಗ್ರಂಥದಿಂದ ಸಂಯಮವೂ ಹುಟ್ಟಬಹುದಿತ್ತು, ಬೇಟೆಯೂ ಹುಟ್ಟಬಹುದಿತ್ತು. ಯಾವುದು ಹುಟ್ಟಿತೆಂಬುದು ಬಹುಮಟ್ಟಿಗೆ ಅಲ್ಲಿನ ನ್ಯಾಯಾಲಯಗಳ ಮೇಲೆ ಅವಲಂಬಿಸಿತ್ತು.

ಹಳ್ಳಿಯ ನಂಬಿಕೆ, ಪಂಡಿತರ ಸಿದ್ಧಾಂತ

ಮಾಟವೆಂದರೆ ಹಳ್ಳಿಯವರ ಮನಸ್ಸಿನಲ್ಲಿ ಇದ್ದದ್ದು ಒಂದು, ಓದಿದವರ ಮನಸ್ಸಿನಲ್ಲಿ ಇದ್ದದ್ದು ಇನ್ನೊಂದು. ಹಳ್ಳಿಯವರಿಗೆ ಬೇಕಾದದ್ದು ತಮಗಾದ ಕೇಡಿನ ಕಾರಣ: ಹಸು ಹಾಲು ಕೊಡುತ್ತಿಲ್ಲ, ಮಗು ಸೊರಗುತ್ತಿದೆ, ಸೊಂಟ ಹಿಡಿದಿದೆ, ಇದನ್ನು ಯಾರು ಮಾಡಿಸಿದರು? ಪಂಡಿತರಿಗೆ ಕೇಡಿಗಿಂತ ಅದರ ಹಿಂದಿನ ಒಪ್ಪಂದ ಮುಖ್ಯವಾಗಿತ್ತು. ಮಾಟಗಾತಿಯಾದವಳು ಕ್ರಿಸ್ತನನ್ನು ತೊರೆದು ಸೈತಾನನ ಜೊತೆ ಕರಾರು ಮಾಡಿಕೊಂಡಿದ್ದಾಳೆ, ಅವನೊಡನೆ ಮಲಗಿದ್ದಾಳೆ, ರಾತ್ರಿ ಹಾರಿಹೋಗಿ ತನ್ನಂಥವರ ಕೂಟದಲ್ಲಿ ಕುಣಿದಿದ್ದಾಳೆ ಎಂಬುದು ಅವರ ಸಿದ್ಧಾಂತ. ಹೈನ್‌ರಿಶ್ ಕ್ರಾಮರ್ ಎಂಬ ಡೊಮಿನಿಕನ್ ಸನ್ಯಾಸಿ 1486ರ ಸುಮಾರಿಗೆ ಅಚ್ಚು ಹಾಕಿಸಿದ ಕುಖ್ಯಾತ ಗ್ರಂಥವೊಂದು, ಹೆಂಗಸರು ಬುದ್ಧಿಯಲ್ಲಿ ದುರ್ಬಲರೂ ಕಾಮದಲ್ಲಿ ಪ್ರಬಲರೂ ಆದ್ದರಿಂದ ಸೈತಾನನಿಗೆ ಸುಲಭದ ತುತ್ತು ಎಂದು ವಾದಿಸಿತು. ಅದನ್ನು ಎಲ್ಲ ನ್ಯಾಯಾಧೀಶರೂ ವೇದವಾಕ್ಯವೆಂದು ಒಪ್ಪಲಿಲ್ಲವಾದರೂ ಆ ವಾದ ಗಾಳಿಯಲ್ಲಿ ಉಳಿಯಿತು.

ಕಾನೂನು ಈ ಎರಡರ ನಡುವೆ ನಿಂತಿತ್ತು. ಚಕ್ರವರ್ತಿ ಐದನೆಯ ಚಾರ್ಲ್ಸ್ 1532ರಲ್ಲಿ ಹೊರಡಿಸಿದ ಸಾಮ್ರಾಜ್ಯದ ದಂಡಸಂಹಿತೆಯನ್ನು ಸಂಕ್ಷೇಪವಾಗಿ ‘ಕ್ಯಾರೊಲಿನಾ’ ಎನ್ನುತ್ತಾರೆ. ಅದರ 109ನೆಯ ವಿಧಿಯ ಪ್ರಕಾರ, ಮಾಟದಿಂದ ಇನ್ನೊಬ್ಬರಿಗೆ ಹಾನಿ ಮಾಡಿದವರಿಗೆ ಬೆಂಕಿಯಲ್ಲಿ ಸಾವು. ಹಾನಿಯಾಗದಿದ್ದರೆ ನ್ಯಾಯಾಧೀಶರ ವಿವೇಚನೆಗೆ ತಕ್ಕ ಶಿಕ್ಷೆ. ಇಲ್ಲಿ ಹಾನಿಯೇ ಮಾನದಂಡ. ಸ್ಯಾಕ್ಸನಿ ಸಂಸ್ಥಾನವು 1572ರ ತನ್ನ ಕಾನೂನಿನಲ್ಲಿ ಈ ಮಿತಿಯನ್ನು ತೆಗೆದುಹಾಕಿ, ಯಾರಿಗೂ ಕೇಡಾಗದಿದ್ದರೂ ಸೈತಾನನ ಜೊತೆಗಿನ ಕರಾರೊಂದೇ ಸುಡಲು ಸಾಕು ಎಂದಿತು. ಆರೋಪದ ಕೇಂದ್ರ ಹೀಗೆ ನೆರೆಹೊರೆಯ ಕೇಡಿನಿಂದ ದೇವರ ವಿರುದ್ಧದ ದ್ರೋಹಕ್ಕೆ ಸರಿಯಿತು. ಕೇಡಿಗಾದರೂ ಸತ್ತ ಹಸುವನ್ನೋ ಊದಿಕೊಂಡ ಕಾಲನ್ನೋ ತೋರಿಸಬೇಕಾಗಿತ್ತು. ಕರಾರಿಗೆ ಆರೋಪಿಯ ಬಾಯಿಂದ ಹೊರಡುವ ಒಪ್ಪಿಗೆಯ ಹೊರತು ಬೇರೆ ಸಾಕ್ಷ್ಯವೇ ಇರುವುದಿಲ್ಲ.

ಲೆಯೊನ್‌ಬೆರ್ಗಿನ ಜಗಳ

ಕಾತರೀನಾ ಎಲ್ಟಿಂಗನ್ ಎಂಬ ಹಳ್ಳಿಯ ಅನುಕೂಲಸ್ಥ ಮನೆಯವಳು. ತಂದೆ ವಸತಿಗೃಹ ನಡೆಸುತ್ತಿದ್ದ, ಊರ ಮುಖ್ಯಸ್ಥನೂ ಆಗಿದ್ದ. ಗಂಡ ಹೈನ್‌ರಿಶ್ ಕೆಪ್ಲರ್ ಕೂಲಿ ಸೈನಿಕನಾಗಿ ದೂರದ ಯುದ್ಧಗಳಿಗೆ ಹೋಗಿ ಬಂದು ಮಾಡುತ್ತಿದ್ದು, ಕೊನೆಗೊಮ್ಮೆ ಹೋದವನು ಮರಳಲೇ ಇಲ್ಲ. ಹೊಲ, ಮನೆ, ಮಕ್ಕಳನ್ನು ಆಕೆ ಒಬ್ಬಳೇ ದಶಕಗಳ ಕಾಲ ನೋಡಿಕೊಂಡಳು. ಗಿಡಮೂಲಿಕೆಗಳ ತಿಳಿವಳಿಕೆ ಇತ್ತು, ಕೇಳಿದವರಿಗೆ ಕಷಾಯ ಮಾಡಿಕೊಡುತ್ತಿದ್ದಳು. ಮಗ ಜೋಹಾನ್ಸ್ ದೂರದ ಲಿಂಜ್ ಪಟ್ಟಣದಲ್ಲಿ ಗಣಿತಜ್ಞನಾಗಿದ್ದ. ಇನ್ನೊಬ್ಬ ಮಗ ಕ್ರಿಸ್ಟೋಫ್ ಲೆಯೊನ್‌ಬೆರ್ಗಿನಲ್ಲೇ ತವರದ ಪಾತ್ರೆಗಳನ್ನು ಮಾಡುತ್ತಿದ್ದ. ಮಗಳು ಮಾರ್ಗರೇಟಾಳ ಗಂಡ ಹಳ್ಳಿಯೊಂದರ ಪಾದ್ರಿ.

1615ರಲ್ಲಿ ಗಾಜು ಕೆಲಸದವನ ಹೆಂಡತಿ ಉರ್ಸುಲಾ ರೈನ್‌ಬೋಲ್ಡ್, ಕಾತರೀನಾ ಕೆಲವು ವರ್ಷಗಳ ಹಿಂದೆ ಕೊಟ್ಟ ಕಹಿಯಾದ ಪಾನೀಯವೊಂದನ್ನು ಕುಡಿದಂದಿನಿಂದ ತನಗೆ ಕಾಯಿಲೆ ಹಿಡಿದಿದೆ ಎಂದು ಹೇಳತೊಡಗಿದಳು. ಒಂದು ಕಾಲದಲ್ಲಿ ಇಬ್ಬರೂ ಸ್ನೇಹಿತೆಯರಾಗಿದ್ದರು. ಉರ್ಸುಲಾಳ ಸೋದರ ಉರ್ಬಾನ್ ಕ್ರಾಯ್ಟ್‌ಲಿನ್ ಡ್ಯೂಕರ ಮನೆತನದ ಕ್ಷೌರಿಕ-ಶಸ್ತ್ರವೈದ್ಯ. ಆ ವರ್ಷದ ಆಗಸ್ಟ್‌ನಲ್ಲಿ, ಪಟ್ಟಣದ ಆಡಳಿತಾಧಿಕಾರಿ ಲೂಥರ್ ಐನ್‌ಹಾರ್ನನ ಎದುರಿನಲ್ಲೇ, ಕ್ರಾಯ್ಟ್‌ಲಿನ್ ಕತ್ತಿ ಹಿರಿದು, ಮಾಡಿದ ಮಾಟವನ್ನು ತೆಗೆದು ಅಕ್ಕನನ್ನು ಗುಣಪಡಿಸು ಎಂದು ಆ ಮುದುಕಿಯನ್ನು ಬೆದರಿಸಿದ. ಬೆದರಿಕೆಗೆ ಮಣಿದು ‘ಆಯಿತು’ ಎಂದುಬಿಟ್ಟಿದ್ದರೆ ಅದೇ ತಪ್ಪೊಪ್ಪಿಗೆಯಾಗುತ್ತಿತ್ತು. ಕಾತರೀನಾ ಮಣಿಯಲಿಲ್ಲ. ಮಕ್ಕಳು ಸುಮ್ಮನಿರದೆ ರೈನ್‌ಬೋಲ್ಡ್ ದಂಪತಿಯ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿದರು. ಹಾಗೆ ನೋಡಿದರೆ ಈ ಪ್ರಕರಣದಲ್ಲಿ ಮೊದಲು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದು ಕೆಪ್ಲರ್ ಕುಟುಂಬವೇ.

ಇಲ್ಲಿ ಐನ್‌ಹಾರ್ನನ ಸ್ಥಿತಿಯನ್ನು ಗಮನಿಸಬೇಕು. ಕಾನೂನುಬಾಹಿರ ಬೆದರಿಕೆಗೆ ಆತನೇ ಸಾಕ್ಷಿಯಾಗಿದ್ದ. ಮಾನನಷ್ಟ ಮೊಕದ್ದಮೆ ವಿಚಾರಣೆಗೆ ಬಂದರೆ ಅವನ ನಡತೆಯೂ ಚರ್ಚೆಗೆ ಬರುತ್ತಿತ್ತು. ಆದ್ದರಿಂದ ಕಾತರೀನಾ ನಿಜಕ್ಕೂ ಮಾಟಗಾತಿಯೆಂದು ಸಾಬೀತಾಗುವುದು ಅವನಿಗೂ ಅನುಕೂಲವಾಗಿತ್ತು. 1616ರ ಅಕ್ಟೋಬರಿನಲ್ಲಿ, ವಿಚಾರಣೆಯ ದಿನ ಹತ್ತಿರವಾಗುತ್ತಿದ್ದಂತೆ, ದಾರಿಯಲ್ಲಿ ಎದುರಾದ ಕಾತರೀನಾ ತನ್ನ ತೋಳಿಗೆ ಹೊಡೆದಳೆಂದೂ ಆಮೇಲೆ ಕೈ ಆಡದಾಯಿತೆಂದೂ ಒಬ್ಬ ಹುಡುಗಿ ದೂರಿದಳು. ಗಾಬರಿಗೊಂಡ ಕಾತರೀನಾ ಐನ್‌ಹಾರ್ನನಿಗೆ ಬೆಳ್ಳಿಯ ಲೋಟವೊಂದನ್ನು ಕೊಡಲು ಹೋದಳು. ಲಂಚ ನೀಡಲು ಬಂದದ್ದೇ ಅಪರಾಧಪ್ರಜ್ಞೆಯ ಗುರುತು ಎಂದು ಆತ ಅದನ್ನು ಕಡತಕ್ಕೆ ಸೇರಿಸಿದ.

ಊರು ಒಮ್ಮೆ ಒಂದು ದಿಕ್ಕಿನಲ್ಲಿ ಯೋಚಿಸತೊಡಗಿದರೆ ಹಳೆಯ ನೆನಪುಗಳೆಲ್ಲ ಅದೇ ದಿಕ್ಕಿಗೆ ವಾಲುತ್ತವೆ. ಕುಂಟುತ್ತಿದ್ದ ಶಾಲಾಮೇಷ್ಟ್ರೊಬ್ಬನಿಗೆ, ತನ್ನ ಕಾಲು ಹೋದದ್ದು ಕಾತರೀನಾಳ ಮನೆಯಲ್ಲಿ ಕುಡಿದ ವೈನಿನಿಂದ ಎಂದು ನೆನಪಾಯಿತು. ಕಾತರೀನಾ ಹಿಂದೊಮ್ಮೆ ತನ್ನ ತಂದೆಯ ತಲೆಬುರುಡೆಯನ್ನು ಅಗೆದು ಕೊಡುವಂತೆ ಸ್ಮಶಾನದವನನ್ನು ಕೇಳಿದ್ದು, ಅದಕ್ಕೆ ಬೆಳ್ಳಿ ಕಟ್ಟಿಸಿ ಮಗನಿಗೆ ಪಾನಪಾತ್ರೆಯಾಗಿ ಕೊಡಬೇಕೆಂದಿದ್ದದ್ದು ಹೊರಬಂತು. ಅವಳು ಅದನ್ನು ಅಲ್ಲಗಳೆಯಲಿಲ್ಲ. ಅಂಥ ಪದ್ಧತಿಯ ಬಗ್ಗೆ ಧರ್ಮಪ್ರವಚನದಲ್ಲಿ ಕೇಳಿದ್ದೆ ಎಂದಳು. ಕೊನೆಗೆ ಆರೋಪಪಟ್ಟಿಯಲ್ಲಿ 49 ಅಂಶಗಳು ಸೇರಿದ್ದವು. 1620ರ ಆಗಸ್ಟ್ 7ರ ರಾತ್ರಿ, ಮಗಳು ಅಳಿಯ ವಾಸವಾಗಿದ್ದ ಪಾದ್ರಿಮನೆಯಲ್ಲಿ ಅವಳನ್ನು ಬಂಧಿಸಿ, ನೆರೆಯವರಿಗೆ ಕಾಣದಿರಲೆಂದು ಬಟ್ಟೆ ಇಡುವ ಪೆಟ್ಟಿಗೆಯೊಳಗೆ ಕೂರಿಸಿ ಹೊತ್ತೊಯ್ದರು. ಊರಿನಲ್ಲಿ ಅವಮಾನ ತಾಳಲಾರೆನೆಂದು ಕ್ರಿಸ್ಟೋಫ್ ಬೇಡಿಕೊಂಡದ್ದರಿಂದ ಮೊಕದ್ದಮೆಯನ್ನು ಗ್ಯೂಗ್ಲಿಂಗನ್ ಎಂಬ ಬೇರೆ ಪಟ್ಟಣಕ್ಕೆ ವರ್ಗಾಯಿಸಲಾಯಿತು. ಅಲ್ಲಿ ಆ ವೃದ್ಧೆಯನ್ನು ಸರಪಳಿಯಲ್ಲಿ ಕಟ್ಟಿ ಇಬ್ಬರು ಕಾವಲುಗಾರರನ್ನು ಇಟ್ಟಿದ್ದರು.

ಲಿಂಜ್‌ನಲ್ಲಿ ಕೆಲಸ ಬಿಟ್ಟು ಬಂದ ಜೋಹಾನ್ಸ್ ಕೆಪ್ಲರ್ ತಾಯಿಯ ಪ್ರತಿವಾದವನ್ನು ತಾನೇ ವಹಿಸಿಕೊಂಡ. ಕೊನೆಯ ಹಂತದಲ್ಲಿ ಸಲ್ಲಿಸಿದ ಲಿಖಿತ ಪ್ರತಿವಾದ 128 ಪುಟಗಳದ್ದು. ಅದರಲ್ಲಿ ಅವನು ಮಾಟವೆಂಬುದೇ ಇಲ್ಲ ಎಂದು ವಾದಿಸಲಿಲ್ಲ. ಸಾಕ್ಷಿಗಳ ಹೇಳಿಕೆಗಳಲ್ಲಿ ತಾರೀಕುಗಳು ಒಂದಕ್ಕೊಂದು ಹೊಂದುವುದಿಲ್ಲ, ಪ್ರತಿಯೊಂದು ಕಾಯಿಲೆಗೂ ಸಹಜ ಕಾರಣ ಕಾಣುತ್ತದೆ, ಶಾಲಾಮೇಷ್ಟ್ರು ಹೊರೆ ಹೊತ್ತು ಹಳ್ಳ ಹಾರುವಾಗ ಕಾಲು ಕೆಡಿಸಿಕೊಂಡದ್ದು, ತೋಳು ನೋವಿನ ಹುಡುಗಿ ಇಟ್ಟಿಗೆಯ ಭಾರ ಹೊರುತ್ತಿದ್ದಳು ಎಂದು ಒಂದೊಂದನ್ನೇ ಬಿಡಿಸುತ್ತ ಹೋದ.

ಸಾಕ್ಷ್ಯ, ಚಿತ್ರಹಿಂಸೆ, ತಪ್ಪೊಪ್ಪಿಗೆ

ಆ ಕಾಲದ ನ್ಯಾಯವಿಧಾನವನ್ನು ಕೇವಲ ಕ್ರೌರ್ಯವೆಂದು ತಳ್ಳಿಹಾಕಿದರೆ ಕಾತರೀನಾ ಬದುಕಿ ಉಳಿದದ್ದು ಹೇಗೆಂಬುದು ಅರ್ಥವಾಗುವುದಿಲ್ಲ. ಕ್ಯಾರೊಲಿನಾದ ಪ್ರಕಾರ ಮರಣದಂಡನೆ ವಿಧಿಸಲು ಇಬ್ಬರು ನಂಬಲರ್ಹ ಪ್ರತ್ಯಕ್ಷ ಸಾಕ್ಷಿಗಳು ಬೇಕು. ಇಲ್ಲವೇ ಆರೋಪಿಯ ತಪ್ಪೊಪ್ಪಿಗೆ ಬೇಕು. ಕೇಳಿಬಂದ ಮಾತು, ಊಹೆ, ಸಂದರ್ಭ ಇವು ಎಷ್ಟೇ ಬಲವಾಗಿದ್ದರೂ ಶಿಕ್ಷೆಗೆ ಸಾಲವು. ಕಾಗದದ ಮೇಲೆ ಇದು ಇಂದಿನ ಅನೇಕ ಕಾನೂನುಗಳಿಗಿಂತ ಕಟ್ಟುನಿಟ್ಟಾದ ನಿಯಮ. ಆದರೆ ಗುಟ್ಟಾಗಿ ನಡೆಯುವ ಅಪರಾಧಕ್ಕೆ ಪ್ರತ್ಯಕ್ಷ ಸಾಕ್ಷಿ ಎಲ್ಲಿಂದ ಬರಬೇಕು? ಹಾಗಾಗಿ ತಪ್ಪೊಪ್ಪಿಗೆಯೊಂದೇ ದಾರಿಯಾಯಿತು. ಸಾಕಷ್ಟು ಗುಮಾನಿಯ ಆಧಾರಗಳಿದ್ದರೆ ಅದನ್ನು ಪಡೆಯಲು ಚಿತ್ರಹಿಂಸೆ ಕೊಡಲು ಕಾನೂನೇ ಅನುಮತಿಸಿತು. ಸಾಕ್ಷ್ಯದ ನಿಯಮ ಬಿಗಿಯಾದದ್ದೇ ಚಿತ್ರಹಿಂಸೆಗೆ ದಾರಿ ಮಾಡಿಕೊಟ್ಟಿತು ಎಂಬುದು ಈ ವ್ಯವಸ್ಥೆಯ ವಿಪರ್ಯಾಸ.

ರಾತ್ರಿಕೂಟದ ಸಿದ್ಧಾಂತ ಇದಕ್ಕೆ ಸೇರಿದಾಗ ಅನಾಹುತವಾಗುತ್ತಿತ್ತು. ‘ಕೂಟದಲ್ಲಿ ಬೇರೆ ಯಾರನ್ನು ಕಂಡೆ?’ ಎಂದು ಹಿಂಸೆಯ ನಡುವೆ ಕೇಳಿದರೆ ಪ್ರತಿ ಆರೋಪಿಯಿಂದಲೂ ಹೊಸ ಹೆಸರುಗಳು ಹೊರಡುತ್ತವೆ. ಬಿಷಪ್ಪರ ಆಡಳಿತದ ಬಾಂಬರ್ಗ್ ಮತ್ತು ವುರ್ಜ್‌ಬರ್ಗ್ ಪ್ರದೇಶಗಳಲ್ಲಿ 1626ರಿಂದ 1631ರವರೆಗೆ ನಡೆದದ್ದು ಇದೇ. ಅಲ್ಲಿ ಬಲಿಯಾದವರ ಸಂಖ್ಯೆ ನೂರುಗಟ್ಟಲೆ. ಬಡ ಮುದುಕಿಯರಿಂದ ಆರಂಭವಾದ ಪಟ್ಟಿ ಶ್ರೀಮಂತರನ್ನೂ ಗಂಡಸರನ್ನೂ ಮಕ್ಕಳನ್ನೂ ಒಳಗೊಂಡಿತು. ಬಾಂಬರ್ಗಿನ ಮೇಯರ್ ಜೋಹಾನ್ಸ್ ಯೂನಿಯಸ್ 1628ರಲ್ಲಿ ಸಾಯುವ ಮುನ್ನ, ತಾನು ಒಪ್ಪಿಕೊಂಡದ್ದೆಲ್ಲ ಹಿಂಸೆ ತಾಳಲಾರದೆ ಹೇಳಿದ ಸುಳ್ಳು ಎಂದು ಮಗಳಿಗೆ ಗುಟ್ಟಾಗಿ ಕಾಗದ ಬರೆದ. ಆ ಕಾಗದ ಇಂದಿಗೂ ಉಳಿದಿದೆ. ಇಂಥ ಮೊಕದ್ದಮೆಗಳನ್ನು ಹತ್ತಿರದಿಂದ ಬಲ್ಲ ಜೆಸ್ವಿಟ್ ಪಾದ್ರಿ ಫ್ರೀಡ್ರಿಶ್ ಶ್ಪೇ 1631ರಲ್ಲಿ ಹೆಸರು ಹಾಕದೆ ಪ್ರಕಟಿಸಿದ ಪುಸ್ತಕದಲ್ಲಿ ಚಿತ್ರಹಿಂಸೆಯೇ ಮಾಟಗಾತಿಯರನ್ನು ಸೃಷ್ಟಿಸುತ್ತಿದೆ ಎಂದು ವಾದಿಸಿದ.

ವುರ್ಟೆಂಬರ್ಗಿನಲ್ಲಿ ಈ ಸರಪಳಿ ಬೆಳೆಯದಂತೆ ತಡೆದದ್ದು ಮೇಲ್ವಿಚಾರಣೆ. ಐನ್‌ಹಾರ್ನನಂಥ ಸ್ಥಳೀಯ ಅಧಿಕಾರಿ ತನ್ನಿಷ್ಟದಂತೆ ಹಿಂಸೆ ಕೊಡುವಂತಿರಲಿಲ್ಲ. ಕಡತ ಸ್ಟುಟ್‌ಗಾರ್ಟಿನ ರಾಜಧಾನಿಗೆ ಹೋಗಬೇಕಿತ್ತು, ಅಲ್ಲಿಂದ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಕಾನೂನು ಪಂಡಿತರ ಅಭಿಪ್ರಾಯಕ್ಕೆ ಹೋಗಬೇಕಿತ್ತು. ಕಾತರೀನಾಳ ಮುಖವನ್ನಾಗಲಿ, ಲೆಯೊನ್‌ಬೆರ್ಗಿನ ಜಗಳಗಳನ್ನಾಗಲಿ ಕಾಣದ ಆ ಪಂಡಿತರು ಕಾಗದವನ್ನಷ್ಟೇ ನೋಡಿ ತೀರ್ಮಾನಿಸುತ್ತಿದ್ದರು. ಆ ದೂರವೇ ಒಂದು ರಕ್ಷಣೆ. ಪೂರ್ಣ ಚಿತ್ರಹಿಂಸೆಗೆ ಆಧಾರ ಸಾಲದು, ಬಿಟ್ಟುಬಿಡುವಷ್ಟು ನಿರಪರಾಧಿಯೂ ಅಲ್ಲ ಎಂದು ಭಾವಿಸಿದ ಅವರು ಅತ್ಯಂತ ಲಘುವಾದ ಹಂತವನ್ನು ಸೂಚಿಸಿದರು: ಸಾಧನಗಳನ್ನು ತೋರಿಸಿ ಹೆದರಿಸುವುದು, ಮುಟ್ಟದಿರುವುದು.

1621ರ ಸೆಪ್ಟೆಂಬರ್ 28ರಂದು ವಧಾಕಾರನು ಒಂದೊಂದೇ ಉಪಕರಣವನ್ನು ತೋರಿಸಿ ವಿವರಿಸಿದ. ದೇಹದಿಂದ ನರಗಳನ್ನು ಒಂದೊಂದಾಗಿ ಕಿತ್ತರೂ ಒಪ್ಪಿಕೊಳ್ಳುವುದಕ್ಕೆ ನನ್ನಲ್ಲಿ ಏನೂ ಇಲ್ಲ ಎಂದ ಕಾತರೀನಾ, ಮೊಣಕಾಲೂರಿ ಕ್ರಿಸ್ತನ ಪ್ರಾರ್ಥನೆಯನ್ನು ಹೇಳಿದಳು. ತಪ್ಪೊಪ್ಪಿಗೆ ಸಿಗಲಿಲ್ಲ. ಕಾನೂನಿನ ಪ್ರಕಾರ ಗುಮಾನಿ ಅಲ್ಲಿಗೆ ತೊಳೆದುಹೋಯಿತು. ಕೆಲವೇ ದಿನಗಳಲ್ಲಿ ಬಿಡುಗಡೆಯಾಯಿತು. 1622ರ ಏಪ್ರಿಲ್ 13ರಂದು ಆಕೆ ತೀರಿಕೊಂಡಳು.

ಹೆಂಗಸರೇ ಏಕೆ?

ಆದಿ ಆಧುನಿಕ ಯುರೋಪಿನಲ್ಲಿ ಮಾಟದ ಆರೋಪದಲ್ಲಿ ಕೊಲ್ಲಲ್ಪಟ್ಟವರ ಸಂಖ್ಯೆ ಇತಿಹಾಸಕಾರರ ಅಂದಾಜಿನಂತೆ 40,000ದಿಂದ 60,000. ಲಕ್ಷಗಟ್ಟಲೆ ಎಂಬ ಹಳೆಯ ಲೆಕ್ಕಗಳನ್ನು ಈಗ ಯಾರೂ ಒಪ್ಪುವುದಿಲ್ಲ. ಅವರಲ್ಲಿ ಸುಮಾರು ಅರ್ಧದಷ್ಟು ಜನ ಜರ್ಮನ್ ಪ್ರದೇಶಗಳವರು, ಒಟ್ಟಿನಲ್ಲಿ ಶೇ. 75ರಿಂದ 80ರಷ್ಟು ಹೆಂಗಸರು. ಐಸ್‌ಲ್ಯಾಂಡ್, ನಾರ್ಮಂಡಿ, ಎಸ್ಟೋನಿಯಾ, ರಷ್ಯಾಗಳಲ್ಲಿ ಮಾತ್ರ ಗಂಡಸರೇ ಹೆಚ್ಚು. ಆದ್ದರಿಂದ ‘ಗಂಡಸರು ಹೆಂಗಸರ ಮೇಲೆ ಸಾರಿದ ಯುದ್ಧ’ ಎಂಬ ಒಂದು ವಾಕ್ಯದಲ್ಲಿ ಇದನ್ನು ಮುಗಿಸಲಾಗದು. ಆರೋಪ ಮಾಡಿದವರಲ್ಲೂ ಸಾಕ್ಷಿ ಹೇಳಿದವರಲ್ಲೂ ಹೆಂಗಸರು ಸಾಕಷ್ಟಿದ್ದರು, ಉರ್ಸುಲಾಳಂತೆ.

ಕಾರಣವನ್ನು ದಿನನಿತ್ಯದ ಕೆಲಸಗಳಲ್ಲಿ ಹುಡುಕಬೇಕು. ಅಡುಗೆ, ಹಾಲು, ಹೆರಿಗೆ, ಬಾಣಂತನ, ಕಾಯಿಲೆಯವರ ಆರೈಕೆ ಇವೆಲ್ಲ ಹೆಂಗಸರ ಕೈಯಲ್ಲಿದ್ದವು. ಮಾಟದ ಕೇಡು ಕಾಣಿಸಿಕೊಳ್ಳುತ್ತಿದ್ದುದೂ ಇಲ್ಲಿಯೇ. ಆಗ್ಸ್‌ಬರ್ಗಿನ ಪ್ರಕರಣಗಳಲ್ಲಿ ಹೊಸದಾಗಿ ಹೆತ್ತ ತಾಯಂದಿರು, ತಮ್ಮ ಬಾಣಂತನಕ್ಕೆ ಬಂದಿದ್ದ ವಯಸ್ಸಾದ ಆರೈಕೆಯವಳ ಮೇಲೆಯೇ ಆರೋಪ ಹೊರಿಸಿದ್ದನ್ನು ರೋಪರ್ ಗುರುತಿಸಿದ್ದಾರೆ. ಹಾಲು ಬತ್ತಿ ಮಗು ಸೊರಗಿದಾಗ ತಾಯಿಯ ಭಯಕ್ಕೆ ಒಂದು ಮುಖ ಬೇಕಾಗುತ್ತದೆ, ಹತ್ತಿರದಲ್ಲಿದ್ದದ್ದು ಆ ಮುಖ. ಗಂಡನಿಲ್ಲದ, ವಯಸ್ಸಾದ, ಮಾತು ಒರಟಾದ ಹೆಂಗಸು ನೆರವು ಕೇಳಿ ಬಂದು ಬೈದು ಹೋದರೆ, ಆ ಬೈಗುಳವೇ ಶಾಪವಾಗಿ ನೆನಪಿನಲ್ಲಿ ಉಳಿಯುತ್ತಿತ್ತು. ವುರ್ಟೆಂಬರ್ಗಿನಲ್ಲಿ ಹೆಂಗಸು ಕಾನೂನು ವ್ಯವಹಾರಕ್ಕೆ ಪುರುಷ ಪೋಷಕನೊಬ್ಬನ ನೆರವು ಪಡೆಯಬೇಕಿತ್ತು. ಕಾತರೀನಾಳಿಗೆ ಗಂಡುಮಕ್ಕಳೂ ಅಳಿಯನೂ ಇದ್ದರು. ಅದೇ ಐನ್‌ಹಾರ್ನನ ಕಾಲದಲ್ಲಿ ಲೆಯೊನ್‌ಬೆರ್ಗಿನಲ್ಲಿ ಮರಣದಂಡನೆಗೆ ಗುರಿಯಾದ ಹೆಂಗಸರ ಪರವಾಗಿ 128 ಪುಟ ಬರೆಯಬಲ್ಲ ಮಗನಿರಲಿಲ್ಲ.

ಇನ್ನೊಂದು ಸಂಗತಿ ಅಷ್ಟು ಹಿತಕರವಲ್ಲ. ಉರ್ಸುಲಾಳ ಕಾಯಿಲೆಗೆ ಕೆಪ್ಲರ್ ಕೊಟ್ಟ ‘ಸಹಜ ಕಾರಣ’ವೇನೆಂದರೆ, ಆಕೆ ಹಿಂದೆ ಅನೈತಿಕ ಸಂಬಂಧದಿಂದ ಬಸಿರಾಗಿ ಅದನ್ನು ಇಳಿಸಲು ಔಷಧಿ ತೆಗೆದುಕೊಂಡಿದ್ದಳು ಎಂಬುದು. ಒಬ್ಬ ಹೆಂಗಸಿನ ಮಾನ ಉಳಿಸಲು ಇನ್ನೊಬ್ಬಳ ಮಾನವನ್ನು ಬೀದಿಗೆ ತಂದ ಈ ವಾದವನ್ನು ಯುರೋಪಿನ ಅತ್ಯಂತ ಸೂಕ್ಷ್ಮ ಬುದ್ಧಿಯವರಲ್ಲೊಬ್ಬನೇ ಹೂಡಿದ. ಆ ನ್ಯಾಯಾಲಯದಲ್ಲಿ ಹೆಣ್ಣಿನ ಮಾತಿಗಿಂತ ಅವಳ ಶೀಲದ ಕುರಿತ ಮಾತಿಗೆ ಹೆಚ್ಚು ತೂಕವಿತ್ತು, ಇದನ್ನು ಎರಡೂ ಪಕ್ಷದವರು ಬಲ್ಲವರಾಗಿದ್ದರು.

ಬಚ್ಚಿಟ್ಟ ಬಸಿರು

ಧರ್ಮ, ಅಪರಾಧ, ಹೆಣ್ಣು ಈ ಮೂರು ಸೇರುವ ಇನ್ನೊಂದು ಜಾಗ ಶಿಶುಹತ್ಯೆಯ ಮೊಕದ್ದಮೆ. ಮಾಟದಷ್ಟು ಪ್ರಸಿದ್ಧವಲ್ಲದಿದ್ದರೂ ಹೆಂಗಸರ ಅಪರಾಧವೆಂದರೆ ನ್ಯಾಯಾಧೀಶರಿಗೆ ನೆನಪಾಗುತ್ತಿದ್ದುದು ಬಹುಶಃ ಇದೇ. ಮದುವೆಯಾಗದೆ ಬಸಿರಾದ ಮನೆಗೆಲಸದ ಹುಡುಗಿಗೆ ಕೆಲಸ ಹೋಗುತ್ತಿತ್ತು, ಮದುವೆಯ ಆಸೆ ಹೋಗುತ್ತಿತ್ತು, ಜೊತೆಗೆ ವ್ಯಭಿಚಾರದ ದಂಡ. ಹಾಗಾಗಿ ಅವಳು ಬಸಿರನ್ನು ಮುಚ್ಚಿಡುತ್ತಿದ್ದಳು. ಕಾನೂನು ಹಿಡಿದದ್ದು ಆ ಮುಚ್ಚಿಡುವಿಕೆಯನ್ನೇ. ಫ್ರಾನ್ಸಿನ ಎರಡನೆಯ ಹೆನ್ರಿಯ 1556ರ ಆಜ್ಞೆ ಮತ್ತು ಇಂಗ್ಲೆಂಡಿನ 1624ರ ಕಾನೂನು ಎರಡರ ತಿರುಳೂ ಒಂದೇ: ಮದುವೆಯಾಗದವಳು ಬಸಿರನ್ನೂ ಹೆರಿಗೆಯನ್ನೂ ಬಚ್ಚಿಟ್ಟು ಮಗು ಸತ್ತು ಸಿಕ್ಕಿದರೆ ಅದು ಕೊಲೆ. ಮಗು ಹುಟ್ಟುವಾಗಲೇ ಸತ್ತಿತ್ತೆಂದು ತೋರಿಸುವ ಹೊಣೆ ತಾಯಿಯದು. ಕದ್ದುಮುಚ್ಚಿ ಒಬ್ಬಳೇ ಹೆತ್ತವಳು ಅದಕ್ಕೆ ಸಾಕ್ಷಿ ತರುವುದೆಲ್ಲಿಂದ? ಇಂಗ್ಲೆಂಡ್ ಈ ಕಾನೂನನ್ನು ರದ್ದುಮಾಡಿದ್ದು 1803ರಲ್ಲಿ.

ಕ್ಯಾರೊಲಿನಾದ 131ನೆಯ ವಿಧಿ ಶಿಶುಹತ್ಯೆಗೆ ಜೀವಂತ ಹೂಳುವ, ನೀರಿನಲ್ಲಿ ಮುಳುಗಿಸುವ ಶಿಕ್ಷೆಗಳನ್ನು ಹೇಳುತ್ತದೆ. ಫ್ರಾಂಕ್‌ಫರ್ಟಿನಲ್ಲಿ ಸುಸನ್ನಾ ಮಾರ್ಗರೇಟಾ ಬ್ರಾಂಟ್ ಎಂಬ ವಸತಿಗೃಹದ ಕೆಲಸದವಳನ್ನು ಈ ಆರೋಪದಲ್ಲಿ ಕತ್ತಿಯಿಂದ ಕೊಂದದ್ದು 1772ರಲ್ಲಿ, ಅಂದರೆ ಮಾಟದ ಮೊಕದ್ದಮೆಗಳು ಬಹುತೇಕ ನಿಂತ ಮೇಲೆ. ಈ ಮೊಕದ್ದಮೆಗಳಲ್ಲಿ ಮಗುವಿನ ತಂದೆ ಕಟಕಟೆಯಲ್ಲಿ ಕಾಣಿಸಿಕೊಳ್ಳುವುದು ಬಲು ಅಪರೂಪ.

ಕಡತವನ್ನು ಓದುವುದು ಹೇಗೆ

ಇಷ್ಟೆಲ್ಲ ವಿವರ ನಮಗೆ ದೊರಕಿರುವುದು ಗುಮಾಸ್ತರ ಬರಹದಿಂದ. ಕಾತರೀನಾಳ ಪ್ರಕರಣದ ಮೂಲ ಕಾಗದಗಳು ಸ್ಟುಟ್‌ಗಾರ್ಟಿನ ಪತ್ರಾಗಾರದಲ್ಲಿವೆ; 19ನೆಯ ಶತಮಾನದಲ್ಲಿ ಕೆಪ್ಲರನ ಸಮಗ್ರ ಕೃತಿಗಳನ್ನು ಮುದ್ರಿಸಿದ ಕ್ರಿಸ್ಟಿಯಾನ್ ಫ್ರಿಶ್ ಅವುಗಳಲ್ಲಿ ಬಹುಭಾಗವನ್ನು ಸೇರಿಸಿದ್ದ. ಆದರೆ ಕಡತದಲ್ಲಿರುವ ಮಾತು ಆರೋಪಿಯ ಬಾಯಿಂದ ಹೊರಟ ಹಾಗೆಯೇ ಇರುವುದಿಲ್ಲ. ಪೊಲೀಸ್ ಠಾಣೆಯಲ್ಲಿ ನಾವು ಆಡಿದ್ದನ್ನು ರೈಟರ್ ತನ್ನದೇ ಗ್ರಾಂಥಿಕ ಕನ್ನಡದಲ್ಲಿ ಬರೆದುಕೊಂಡಾಗ ಅದು ನಮಗೇ ಅಪರಿಚಿತವಾಗುವಂತೆ, ಅಂದಿನ ಹೇಳಿಕೆಯೂ ಪ್ರಶ್ನೆಯ ಅಚ್ಚಿನಲ್ಲಿ ಎರಕಗೊಂಡಿರುತ್ತದೆ. ಅದಕ್ಕೇ ಇತಿಹಾಸಕಾರರು ಉತ್ತರದಷ್ಟೇ ಪ್ರಶ್ನೆಯನ್ನೂ ಗಮನಿಸುತ್ತಾರೆ. ಹತ್ತು ಊರುಗಳ ಹತ್ತು ಹೆಂಗಸರು ಸೈತಾನನನ್ನು ಒಂದೇ ರೀತಿ ವರ್ಣಿಸಿದ್ದರೆ ಅದು ಪ್ರಶ್ನಾವಳಿಯ ಪಡಿಯಚ್ಚು. ಎಲ್ಲಿ ಉತ್ತರ ಪ್ರಶ್ನೆಯನ್ನು ಮೀರಿ ಹೋಗುತ್ತದೋ, ಎಲ್ಲಿ ಯಾರೂ ಕೇಳದ ಒಂದು ಮನೆವಾರ್ತೆಯ ವಿವರ ನುಸುಳುತ್ತದೋ, ಅಲ್ಲಿ ಆ ವ್ಯಕ್ತಿಯ ಸ್ವಂತ ದನಿ ಕೇಳುವ ಸಾಧ್ಯತೆ ಹೆಚ್ಚು.

ಕಾತರೀನಾಳ ಕಡತದಲ್ಲಿ ಅಂಥ ಜಾಗಗಳಿವೆ. ಧರ್ಮಗ್ರಂಥದ ಮಾತುಗಳನ್ನು ಕೇಳಿಯೂ ಆಕೆ ಅಳುವುದಿಲ್ಲ ಎಂಬುದು ಆರೋಪಗಳಲ್ಲೊಂದು, ಏಕೆಂದರೆ ಮಾಟಗಾತಿಗೆ ಕಣ್ಣೀರು ಬರದು ಎಂಬ ನಂಬಿಕೆಯಿತ್ತು. ಬದುಕಿನಲ್ಲಿ ಅತ್ತು ಅತ್ತು ಕಣ್ಣೀರು ಮುಗಿದಿದೆ ಎಂದು ಅವಳು ಉತ್ತರಿಸಿದಳು. ಗುಮಾಸ್ತನ ದನಿಯೂ ಒಂದೆಡೆ ಕೇಳುತ್ತದೆ: ಆರೋಪಿಯು ‘ದುರದೃಷ್ಟವಶಾತ್’ ತನ್ನ ಮಗ ಗಣಿತಜ್ಞ ಕೆಪ್ಲರನ ನೆರವಿನೊಂದಿಗೆ ಹಾಜರಾಗಿದ್ದಾಳೆ ಎಂದು ಆತ ಬರೆದಿದ್ದಾನೆ. ಆ ಒಂದು ಪದದಿಂದ ನ್ಯಾಯಪೀಠದ ಒಲವು ಯಾವ ಕಡೆಗಿತ್ತೆಂಬುದು ತಿಳಿಯುತ್ತದೆ.

ಓದುವವರ ಪೂರ್ವಗ್ರಹವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಕೆಪ್ಲರ್ ತರುಣನಾಗಿದ್ದಾಗ ಬರೆದ ಕುಟುಂಬದ ಜಾತಕವೊಂದರಲ್ಲಿ ತಾಯಿಯನ್ನು ಕುಳ್ಳಿ, ಕೃಶಕಾಯ, ಬಾಯಾಳಿ, ಜಗಳಗಂಟಿ ಎಂದು ಬಣ್ಣಿಸಿದ್ದಾನೆ. 20ನೆಯ ಶತಮಾನದ ಕೆಲವು ಜೀವನಚರಿತ್ರೆಕಾರರು ಇದನ್ನೇ ಹಿಡಿದು, ಇಂಥವಳ ಮೇಲೆ ಅನುಮಾನ ಬಂದದ್ದರಲ್ಲಿ ಆಶ್ಚರ್ಯವೇನು ಎಂಬ ಧಾಟಿಯಲ್ಲಿ ಬರೆದರು. ಐನ್‌ಹಾರ್ನನ ವಾದವೂ ಬಹುಮಟ್ಟಿಗೆ ಅದೇ ಆಗಿತ್ತಲ್ಲ! ಕೃಷಿಯನ್ನೂ ಆಸ್ತಿಯನ್ನೂ ಒಬ್ಬಳೇ ನಿಭಾಯಿಸಿದ ಹೆಂಗಸು ಎಂಬ ಚಿತ್ರವನ್ನು ಅದೇ ದಾಖಲೆಗಳಿಂದ ಹೊರತೆಗೆದದ್ದು ರುಬ್ಲಾಕ್ ಅವರ ಅಧ್ಯಯನದ ಮುಖ್ಯ ಫಲಗಳಲ್ಲೊಂದು. ಚಂದ್ರಯಾನದ ಕನಸನ್ನು ಕುರಿತು ಕೆಪ್ಲರ್ ಬರೆದ ಕಥೆಯಲ್ಲಿ ಗಿಡಮೂಲಿಕೆ ಬಲ್ಲ ತಾಯಿಯೊಬ್ಬಳು ಬರುತ್ತಾಳೆ. ಅದರ ಹಸ್ತಪ್ರತಿಯೇ ತನ್ನ ತಾಯಿಯ ಮೇಲಿನ ಗಾಳಿಮಾತಿಗೆ ಕಾರಣವಾಯಿತೇನೋ ಎಂದು ಅವನೇ ಮುಂದೆ ಶಂಕಿಸಿದ. ಕಥೆಯಾಗಿ ಇದು ಆಕರ್ಷಕ, ಆದರೆ ಲೆಯೊನ್‌ಬೆರ್ಗಿನ ಜಗಳಕ್ಕೆ ಆ ಹಸ್ತಪ್ರತಿಯ ಅಗತ್ಯವೇ ಇರಲಿಲ್ಲ.

ಮೊಕದ್ದಮೆಗಳು ನಿಂತದ್ದು

ಜನರ ನಂಬಿಕೆ ಸತ್ತದ್ದರಿಂದ ಮೊಕದ್ದಮೆಗಳು ನಿಂತವು ಎನ್ನಲಾಗದು. ಅವು ನಿಂತದ್ದು ಬಹುತೇಕ ಮೇಲಿನಿಂದ. ಸ್ಪೇನಿನ ಇಂಕ್ವಿಸಿಷನ್, ಅಂದರೆ ಮತದ್ರೋಹಿಗಳನ್ನು ವಿಚಾರಿಸುತ್ತಿದ್ದ ಕ್ಯಾಥೊಲಿಕ್ ನ್ಯಾಯಪೀಠ, ಕ್ರೌರ್ಯಕ್ಕೆ ಹೆಸರಾದ ಸಂಸ್ಥೆಯಾದರೂ, ತನ್ನ ಅಧಿಕಾರಿ ಸಲಾಜಾರ್ ಫ್ರಿಯಾಸ್ ಬಾಸ್ಕ್ ಪ್ರದೇಶದಲ್ಲಿ ನಡೆಸಿದ ತನಿಖೆಯ ಫಲವಾಗಿ 1614ರಲ್ಲೇ ಮಾಟದ ಆರೋಪಗಳಿಗೆ ಕಠಿಣ ಸಾಕ್ಷ್ಯನಿಯಮ ತಂದಿತು. ಫ್ರಾನ್ಸ್ 1682ರ ರಾಜಾಜ್ಞೆಯಲ್ಲಿ ಮಾಟವನ್ನು ಬಹುಮಟ್ಟಿಗೆ ವಂಚನೆಯೆಂದು ಪರಿಗಣಿಸಿತು. ಬ್ರಿಟನ್ ಹಳೆಯ ಮಾಟ ಕಾನೂನುಗಳನ್ನು 1736ರಲ್ಲಿ ತೆಗೆದುಹಾಕಿತು.

ಈ ಕಾಲದ ಮೊಕದ್ದಮೆಗಳು ನಮ್ಮ ಕಾಲದ ಸಂಸತ್ತುಗಳಿಗೂ ಬಂದಿವೆ. ಸ್ಪೇನಿನ ಕ್ಯಾಟಲೋನಿಯಾ ಪ್ರಾಂತದ ಸಂಸತ್ತು 2022ರ ಜನವರಿಯಲ್ಲಿ ಅಲ್ಲಿ ಶಿಕ್ಷೆಗೊಳಗಾದ ಹೆಂಗಸರ ಗೌರವವನ್ನು ಮರುಸ್ಥಾಪಿಸುವ ನಿರ್ಣಯ ಮಾಡಿತು. ಸ್ಕಾಟ್ಲೆಂಡಿನಲ್ಲಿ ಸುಮಾರು 3,800 ಜನರ ಮೇಲೆ ಆರೋಪ ಬಂದಿತ್ತೆಂದೂ ಅವರಲ್ಲಿ ಸುಮಾರು 2,500 ಮಂದಿ ಕೊಲ್ಲಲ್ಪಟ್ಟರೆಂದೂ ಅಂದಾಜಿದೆ. ಅದೇ ವರ್ಷದ ಮಾರ್ಚ್ 8ರಂದು ಅಲ್ಲಿನ ಅಂದಿನ ಪ್ರಥಮ ಸಚಿವೆ ನಿಕೋಲಾ ಸ್ಟರ್ಜನ್ ಸರ್ಕಾರದ ಪರವಾಗಿ ಕ್ಷಮೆ ಕೇಳಿದರು. ಕ್ಷಮಾಯಾಚನೆಯಿಂದ ಹಳೆಯ ತೀರ್ಪು ಕಾನೂನಿನ ದೃಷ್ಟಿಯಲ್ಲಿ ರದ್ದಾಗುವುದಿಲ್ಲ. ಅದಕ್ಕೆ ಬೇರೆಯೇ ಶಾಸನ ಬೇಕು. ಸ್ವಿಟ್ಜರ್ಲೆಂಡಿನ ಗ್ಲಾರುಸ್ ಪ್ರಾಂತದ ಶಾಸನಸಭೆ ಇನ್ನೂ ಮುಂದೆ ಹೋಗಿ, 1782ರಲ್ಲಿ ಶಿರಚ್ಛೇದವಾದ ಮನೆಗೆಲಸದವಳು ಆನ್ನಾ ಗೋಲ್ಡಿಯನ್ನು 2008ರಲ್ಲಿ ನಿರಪರಾಧಿಯೆಂದು ಘೋಷಿಸಿತು. ಯಜಮಾನನ ಮಗಳಿಗೆ ಮಾಟ ಮಾಡಿ ಸೂಜಿಗಳನ್ನು ಕಾರಿಸಿದಳೆಂಬುದು ಅವಳ ಮೇಲಿದ್ದ ಆರೋಪ. ಆದರೆ 1782ರ ಹೊತ್ತಿಗೆ ಅದನ್ನು ಹಾಗೆಂದು ಬರೆಯಲು ನ್ಯಾಯಾಲಯವೇ ಹಿಂಜರಿದು, ತೀರ್ಪಿನಲ್ಲಿ ಅವಳನ್ನು ವಿಷ ಹಾಕಿದವಳು ಎಂದಷ್ಟೇ ದಾಖಲಿಸಿತ್ತು.